ಬಿಲ್ಲಿನ ಸಿಮ್ ಅಂದ್ರೆ ಉದ್ರಿ ಸಿಮ್: ಪೋಸ್ಟ್‌ಪೇಯ್ಡ್ ಪ್ಲಾನ್ ಹಿಂದಿನ ಸಾಲದ ಲೆಕ್ಕ

ನಮ್ಮ ಕಾಕಾನ ಮಗ ಕಲಬುರಗಿಯ ಸೇಡಂ ರಸ್ತೆಯ ಒಂದು ಬೈಕ್ ಶೋರೂಮಿಗೆ ಹೋಗಿದ್ದ. ಮೊದಲ ಕಂತಿಗೆ ತೊಗರಿ ಮಾರಿದ ರೊಕ್ಕ ಕೈಯಲ್ಲಿತ್ತು. ಉಳಿದದ್ದಕ್ಕೆ ಸಾಲ ಕೇಳಿದ. ಅಲ್ಲಿ ಕೂತಿದ್ದ ಫೈನಾನ್ಸ್ ಹುಡುಗ ಕಂಪ್ಯೂಟರ್ ನೋಡಿ, "ನಿಮ್ದು ಸಿಬಿಲ್‌ನಾಗ ಹಳೇ ಬಾಕಿ ತೋರಸ್ತದ, ಆಗಂಗಿಲ್ರಿ" ಅಂದ. ಇವನಿಗೆ ಆಶ್ಚರ್ಯ. ಬ್ಯಾಂಕಿನಿಂದ ಒಂದು ರೂಪಾಯಿ ಸಾಲ ತಗೊಂಡವನಲ್ಲ. ಸಂಜೆ ನನಗೆ ಫೋನ್ ಮಾಡಿ, "ಅಕ್ಕಾ, ನಾ ಯಾರ ಹತ್ರ ಸಾಲ ಮಾಡೀನಿ? ಸ್ವಲ್ಪ ನೋಡು" ಅಂದ.

ಸಿಬಿಲ್ ಅಂದ್ರೆ ಜನರ ಸಾಲದ ಲೆಕ್ಕ ಇಡುವ ಕಂಪನಿ. ಅದರ ವರದಿ ತೆಗೆದು ನೋಡಿದೆವು. ಬಾಕಿ 1,187 ರೂಪಾಯಿ. ಖಾತೆಯ ಬಗೆ ಟೆಲಿಕಾಂ. 2019ರಲ್ಲಿ ಕಟ್ಟಡ ಕೆಲಸಕ್ಕೆ ಪುಣೆಗೆ ಹೋದಾಗ ಒಂದು ಪೋಸ್ಟ್‌ಪೇಯ್ಡ್ ಸಿಮ್ ತಗೊಂಡಿದ್ದ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಕೆಲಸ ನಿಂತಿತು. ಸಿಕ್ಕ ಲಾರಿ ಹತ್ತಿ ಊರು ಸೇರಿದ. ಆ ಸಿಮ್ ತೆಗೆದು ಬಿಸಾಕಿ, ಮನೆಯಲ್ಲಿದ್ದ ಹಳೇ ನಂಬರ್ ಹಾಕಿಕೊಂಡ. "ಸಿಮ್ಮೇ ತೆಗೆದು ಒಗದೀನಿ, ಮತ್ತ ಬಿಲ್ ಹ್ಯಾಂಗ ಬರ್ತದ ಅಕ್ಕಾ?" ಅಂತ ಕೇಳಿದ.

ಇದು ದಡ್ಡ ಪ್ರಶ್ನೆ ಅಲ್ಲ. ಸಿಮ್ ಕೊಟ್ಟ ಅಂಗಡಿಯವರು ಅವತ್ತೇ ಇದಕ್ಕೆ ಉತ್ತರ ಹೇಳಬೇಕಿತ್ತು. ಅವರು ಹೇಳಲಿಲ್ಲ. ಹಾಗಾಗಿ ನಾನು ಅವನಿಗೆ ಬಿಡಿಸಿ ಹೇಳಿದ್ದನ್ನು ಇಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ.

ರಿಚಾರ್ಜ್ ಅಂದ್ರೆ ಮುಂಗಡ, ಬಿಲ್ ಅಂದ್ರೆ ಉದ್ರಿ

ಪ್ರಿಪೇಯ್ಡ್ ಸಿಮ್‌ನಲ್ಲಿ ರೊಕ್ಕ ಮೊದಲು, ಮಾತು ಆಮೇಲೆ. ರಿಚಾರ್ಜ್ ಮುಗಿದರೆ ಕರೆ ನಿಲ್ಲುತ್ತದೆ. ನೀವು ಕಂಪನಿಗೆ ಏನೂ ಕೊಡಬೇಕಾಗಿಲ್ಲ. ಸಿಮ್ ಬಿಸಾಕಿದರೂ ಬಾಕಿ ಉಳಿಯುವುದಿಲ್ಲ. ನಮ್ಮ ದೇಶದಲ್ಲಿ ಹತ್ತು ಸಂಪರ್ಕಗಳಲ್ಲಿ ಸುಮಾರು ಒಂಬತ್ತು ಈ ಬಗೆಯವೇ.

ಪೋಸ್ಟ್‌ಪೇಯ್ಡ್ ಹಾಗಲ್ಲ. ಅದು ಕಿರಾಣಿ ಅಂಗಡಿಯ ಉದ್ರಿ ಇದ್ದ ಹಾಗೆ. ತಿಂಗಳಿಡೀ ಸಾಮಾನು ಒಯ್ಯುತ್ತೀರಿ, ಅಂಗಡಿಯವನು ಖಾತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ತಿಂಗಳ ಕೊನೆಗೆ ಲೆಕ್ಕ. ಇಲ್ಲಿ ಸಾಮಾನಿನ ಬದಲು ಮಾತು ಮತ್ತು ಡೇಟಾ. ಊರು ಬಿಟ್ಟು ಹೋದರೆ ಉದ್ರಿ ಅಳಿಸಿ ಹೋಗುತ್ತಾ? ಇಲ್ಲ ಅಲ್ವಾ. ಸಿಮ್ ಬಿಸಾಕಿದರೂ ಹಾಗೆಯೇ. ನೀವಾಗಿಯೇ "ಸಂಪರ್ಕ ಮುಚ್ಚಿ" ಅಂತ ಹೇಳಿ, ಕೊನೆಯ ಬಿಲ್ ಕಟ್ಟುವ ತನಕ ಕಂಪನಿಯ ಪುಸ್ತಕದಲ್ಲಿ ನಿಮ್ಮ ಖಾತೆ ತೆರೆದೇ ಇರುತ್ತದೆ. ಕಂಪನಿಯೇ ಸಂಪರ್ಕ ಕಡಿಯುವವರೆಗೆ ಇನ್ನೊಂದೆರಡು ತಿಂಗಳ ಬಾಡಿಗೆ, ಅದರ ಮೇಲೆ ತಡದ ದಂಡ, ತೆರಿಗೆ ಎಲ್ಲ ಸೇರುತ್ತವೆ. ನನ್ನ ತಮ್ಮನ 1,187 ರೂಪಾಯಿ ಆದದ್ದು ಹೀಗೆ.

ಅಂದರೆ ಪೋಸ್ಟ್‌ಪೇಯ್ಡ್ ಪ್ಲಾನ್ ಒಂದು ಸಣ್ಣ ಸಾಲ. ಸಾಲ ಕೊಡುವ ಯಾರೇ ಆದರೂ "ಇವರು ವಾಪಸ್ ಕೊಡ್ತಾರಾ?" ಅಂತ ನೋಡುತ್ತಾರೆ. ಕಿರಾಣಿ ಅಂಗಡಿಯವನಿಗೆ ನಿಮ್ಮ ಅಪ್ಪ ಗೊತ್ತು, ಹೊಲ ಗೊತ್ತು, ಯಾವ ತಿಂಗಳಲ್ಲಿ ಕೈಗೆ ರೊಕ್ಕ ಬರುತ್ತದೆ ಅಂತಲೂ ಗೊತ್ತು. ಮುಂಬೈನಲ್ಲೋ ದೆಹಲಿಯಲ್ಲೋ ಕೂತ ಕಂಪನಿಗೆ ಇದ್ಯಾವುದೂ ಗೊತ್ತಿಲ್ಲ. ಅದು ಕಾಗದ ನೋಡುತ್ತದೆ.

ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರಲ್ಲ, ಅದು ಬೇರೆ. ಅದು ಕೆವೈಸಿ. ನೀವು ಯಾರು ಅನ್ನುವುದನ್ನು ಅದು ನೋಡುತ್ತದೆ, ಅಷ್ಟೇ. ಪ್ರಿಪೇಯ್ಡ್‌ಗೂ ಅದು ಬೇಕು. ಪೋಸ್ಟ್‌ಪೇಯ್ಡ್ ಕೇಳಿದರೆ ಅದರ ಮೇಲೆ ಇನ್ನೂ ಒಂದು ಪ್ರಶ್ನೆ ಇರುತ್ತದೆ: ಇವರು ಬಿಲ್ ಕಟ್ಟುವವರಾ? ಅದಕ್ಕೆ ಕಂಪನಿ ತನ್ನ ಹಳೇ ಲೆಕ್ಕ ತೆಗೆದು ನೋಡಬಹುದು. ಮನೆ ವಿಳಾಸಕ್ಕೆ ಜನ ಕಳಿಸಬಹುದು. ಠೇವಣಿ ಕೇಳಬಹುದು. ಕ್ರೆಡಿಟ್ ಬ್ಯೂರೋದಿಂದ ನಿಮ್ಮ ಸಾಲದ ಚರಿತ್ರೆಯನ್ನೂ ತರಿಸಬಹುದು.

ಬ್ಯೂರೋ ಅಂದ್ರೆ ಏನು?

ನಾವು ಎಲ್ಲದಕ್ಕೂ "ಸಿಬಿಲ್" ಅನ್ನುತ್ತೇವೆ. ನಿಜಕ್ಕೂ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2005ರಲ್ಲಿ ಬಂದ ಕಾಯ್ದೆಯ ಕೆಳಗೆ ಇವು ನಡೆಯುತ್ತವೆ, ರಿಸರ್ವ್ ಬ್ಯಾಂಕ್ ಇವುಗಳ ಮೇಲೆ ಕಣ್ಣಿಟ್ಟಿರುತ್ತದೆ. ಯಾರು ಎಷ್ಟು ಸಾಲ ತಗೊಂಡರು, ಕಂತು ಸರಿಯಾಗಿ ಕಟ್ಟಿದರಾ ಅನ್ನುವುದನ್ನು ಬ್ಯಾಂಕು, ಫೈನಾನ್ಸ್ ಕಂಪನಿಗಳು ಇವುಗಳಿಗೆ ಕಳಿಸುತ್ತಲೇ ಇರುತ್ತವೆ. ಅದನ್ನೆಲ್ಲ ಸೇರಿಸಿ 300ರಿಂದ 900ರ ನಡುವೆ ಒಂದು ಅಂಕ ಕೊಡುತ್ತಾರೆ. ಅದೇ ಸ್ಕೋರ್.

ಮೊಬೈಲ್ ಕಂಪನಿ ಇದರಲ್ಲಿ ಹೇಗೆ ಬಂತು? 2006ರ ನಿಯಮಗಳಲ್ಲಿಯೇ ಬ್ಯೂರೋದ ಮಾಹಿತಿ ಬಳಸಬಹುದಾದವರ ಪಟ್ಟಿಯಲ್ಲಿ ಫೋನ್ ಸೇವೆ ಕೊಡುವ ಕಂಪನಿಗಳ ಹೆಸರೂ ಇದೆ. ವರದಿಯಲ್ಲಿ ಗೃಹ ಸಾಲ, ಚಿನ್ನದ ಸಾಲ ಇದ್ದ ಹಾಗೆ ಟೆಲಿಕಾಂ ಅನ್ನುವ ಖಾತೆಯೂ ಇರುತ್ತದೆ. ಕಟ್ಟದೆ ಬಿಟ್ಟ ಬಿಲ್ ಅಲ್ಲಿ ಕೂತರೆ ಬ್ಯಾಂಕಿನವರ ಕಣ್ಣಿಗೂ ಬೀಳುತ್ತದೆ. ಬ್ಯೂರೋಗಳು ಈ ಮಾಹಿತಿಯನ್ನು ಕಡಿಮೆ ಅಂದ್ರೂ ಏಳು ವರ್ಷ ಇಟ್ಟುಕೊಳ್ಳಬೇಕು. ಪುಣೆಯ ಬಿಲ್ ಕಲಬುರಗಿಯ ಶೋರೂಮಿನಲ್ಲಿ ಎದ್ದು ಬಂದದ್ದು ಇದೇ ದಾರಿಯಲ್ಲಿ.

ಇಲ್ಲಿ ಒಂದು ಮಾತು ನನ್ನನ್ನು ತುಂಬಾ ಕಾಡುತ್ತದೆ. ಹತ್ತು ವರ್ಷ ಒಂದು ದಿನ ತಪ್ಪದೆ ರಿಚಾರ್ಜ್ ಮಾಡಿಸಿದವರ ಸ್ಕೋರ್ ಅದರಿಂದ ಒಂದು ಅಂಕವೂ ಏರುವುದಿಲ್ಲ. ರಿಚಾರ್ಜ್ ಸಾಲ ಅಲ್ಲ, ಹಾಗಾಗಿ ಬ್ಯೂರೋಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ಪೋಸ್ಟ್‌ಪೇಯ್ಡ್‌ನ ಒಂದೇ ಒಂದು ಬಿಲ್ ತಪ್ಪಿದರೂ ಗುರುತು ಬೀಳಬಹುದು. ಇನ್ನೊಂದು ಕಡೆಯಿಂದ ನೋಡಿ. 84 ದಿನಗಳ ರಿಚಾರ್ಜ್ ಮಾಡಿಸಿದವರು ಸುಮಾರು ಮೂರು ತಿಂಗಳ ರೊಕ್ಕ ಕಂಪನಿಗೆ ಮುಂಗಡ ಕೊಟ್ಟಿರುತ್ತಾರೆ. ಪೋಸ್ಟ್‌ಪೇಯ್ಡ್‌ನವರು ಕಂಪನಿಯಿಂದ ಒಂದು ತಿಂಗಳ ಉದ್ರಿ ತಗೊಂಡಿರುತ್ತಾರೆ. ಮುಂಗಡ ಕೊಟ್ಟವರ ನಂಬಿಕೆಗೆ ಎಲ್ಲೂ ದಾಖಲೆ ಇಲ್ಲ.

ಗಂಜಿನ ಲೆಕ್ಕ ಬ್ಯೂರೋಗೆ ಕಾಣುವುದಿಲ್ಲ

ಕಲಬುರಗಿಯ ಕಾಳು ಮಾರುವ ಪೇಟೆ ನೆಹರು ಗಂಜಿಗೆ ಡಿಸೆಂಬರ್, ಜನವರಿಯಲ್ಲಿ ಹೋಗಿ ನೋಡಿ. ತೊಗರಿ ಚೀಲಗಳ ನಡುವೆ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ಭಾಗದ ಎಷ್ಟೋ ಮನೆಗಳಿಗೆ ವರ್ಷದ ದೊಡ್ಡ ರೊಕ್ಕ ಬರುವುದು ಆಗಲೇ. ಬಿತ್ತನೆ ಹೊತ್ತಿಗೆ ಅಡತ್ ಅಂಗಡಿಯಿಂದ, ಅಂದ್ರೆ ಕಮಿಷನ್ ಮೇಲೆ ಮಾಲು ಮಾರಿಸುವ ದಲಾಲಿಯಿಂದ, ಮುಂಗಡ ತಗೊಳ್ಳುತ್ತಾರೆ. ಬೆಳೆ ಬಂದ ಮೇಲೆ ಅದೇ ಅಂಗಡಿಗೆ ಮಾಲು ಹಾಕಿ, ಮುಂಗಡ ಮುರಿದುಕೊಂಡು ಉಳಿದದ್ದನ್ನು ಮನೆಗೆ ತರುತ್ತಾರೆ. ಅಪ್ಪನ ಕಾಲದಿಂದ ಒಂದೇ ಅಡತ್ ಅಂಗಡಿಯ ಜೊತೆ ವ್ಯವಹಾರ ಮಾಡಿ, ಒಂದು ಪೈಸೆ ಉಳಿಸಿಕೊಳ್ಳದವರು ಎಷ್ಟೋ ಜನ ಇದ್ದಾರೆ. ಅಡತ್ ಅಂಗಡಿಯವನ ಕೆಂಪು ವಹಿಯಲ್ಲಿ ಅವರ ಹೆಸರು ಬಂಗಾರದಂಥದ್ದು. ಬ್ಯೂರೋದಲ್ಲಿ ಅವರ ಹೆಸರೇ ಇಲ್ಲ.

ಚರಿತ್ರೆ ಇಲ್ಲದವರಿಗೆ ವರದಿಯಲ್ಲಿ ಸ್ಕೋರ್ ಜಾಗದಲ್ಲಿ ಮೈನಸ್ ಒಂದು ಅಂತಲೋ, ಎನ್‌ಎಚ್ ಅಂತಲೋ ಬರುತ್ತದೆ. ಅದರರ್ಥ "ಇವರ ಬಗ್ಗೆ ನಮಗೇನೂ ಗೊತ್ತಿಲ್ಲ" ಅಂತ. ಕೆಟ್ಟವರು ಅಂತ ಅಲ್ಲ. ಕೌಂಟರಿನಲ್ಲಿ ಕೂತವರು ಮಾತ್ರ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತಾರೆ. ಚರಿತ್ರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬಾರದು ಅಂತ 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸಾಲ ಕೊಡುವ ಸಂಸ್ಥೆಗಳಿಗೆ ಹೇಳಿದೆ. ಇದೇ ಮಾತು ಸಿಮ್ ಅಂಗಡಿಗೂ ಅನ್ವಯಿಸಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ದುಡಿಯಲು ಹೋಗುವವರ ಕಷ್ಟ ಬೇರೆ. ಯಾದಗಿರಿ, ಸುರಪುರ, ಚಿತ್ತಾಪುರ, ಆಳಂದದ ಕಡೆಯಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಜನ ಹೋಗುತ್ತಲೇ ಇರುತ್ತಾರೆ. ಆಧಾರ್‌ನಲ್ಲಿ ಊರಿನ ವಿಳಾಸ, ಇರುವುದು ತಗಡಿನ ಶೆಡ್ಡಿನಲ್ಲಿ. ವಿಳಾಸ ನೋಡಲು ಬಂದವನಿಗೆ ಅವರು ಸಿಗುವುದಿಲ್ಲ. ಸಂಬಳದ ಚೀಟಿ ಇಲ್ಲ. ಬಿಲ್ ಹೋಗುವುದು ಒಂದು ಕಡೆ, ಮನುಷ್ಯ ಇರುವುದು ಇನ್ನೊಂದು ಕಡೆ. ಬೇಕಂತಲೇ ಬಾಕಿ ಉಳಿಸಿದವರಿಗೂ, ಬಿಲ್ ಕೈಗೇ ಸಿಗದವರಿಗೂ ವರದಿಯಲ್ಲಿ ಒಂದೇ ಗುರುತು ಬೀಳುತ್ತದೆ.

ಹೆಸರಿನ ಗೊಂದಲ ಇನ್ನೊಂದು. ನಮ್ಮಲ್ಲಿ ಒಂದು ಊರಿಗೆ ಎಷ್ಟು ಜನ ಶರಣಪ್ಪ, ಎಷ್ಟು ಜನ ಮಲ್ಲಮ್ಮ ಇರುತ್ತಾರೆ ನಿಮಗೇ ಗೊತ್ತು. ಇಂಗ್ಲಿಷಿನಲ್ಲಿ ಬರೆಯುವಾಗ ಆಧಾರ್‌ನಲ್ಲಿ ಒಂದು ಬಗೆ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಬಗೆ. ಹುಟ್ಟಿದ ದಿನ ಗೊತ್ತಿಲ್ಲದೆ ಶಾಲೆಯಲ್ಲಿ ಜೂನ್ 1 ಅಂತ ಬರೆಸಿಕೊಂಡವರು ಊರ ತುಂಬ ಇದ್ದಾರೆ. ಹೆಸರೂ ಒಂದೇ, ತಾರೀಖೂ ಒಂದೇ ಆದರೆ ಒಬ್ಬರ ಬಾಕಿ ಇನ್ನೊಬ್ಬರ ವರದಿಗೆ ಬಂದು ಸೇರುವ ಅಪಾಯ ಇದೆ. ಅದಕ್ಕೇ ಅರ್ಜಿಯಲ್ಲಿ ಪ್ಯಾನ್ ನಂಬರ್ ಸರಿಯಾಗಿದೆಯಾ ಅಂತ ನೋಡಬೇಕು. ವರದಿ ತೆಗೆದಾಗ ಮೊದಲು ನೋಡಬೇಕಾದದ್ದು ಸ್ಕೋರ್ ಅಲ್ಲ. ಅಲ್ಲಿರುವ ಖಾತೆಗಳೆಲ್ಲ ನಿಮ್ಮವೇನಾ ಅಂತ ಮೊದಲು ನೋಡಿ.

ಕೆಲವರಿಗೆ ತಮ್ಮ ಹೆಸರಲ್ಲಿ ಚರಿತ್ರೆ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಮೈಕ್ರೋಫೈನಾನ್ಸ್ ಗುಂಪಿನಲ್ಲಿ ಸಾಲ ತಗೊಂಡ ಹೆಣ್ಣುಮಕ್ಕಳ ಲೆಕ್ಕ ಅವರವರ ಹೆಸರಿನಲ್ಲೇ ಬ್ಯೂರೋಗೆ ಹೋಗುತ್ತದೆ. ವಾರದ ಕಂತು ತಪ್ಪದೆ ಕಟ್ಟಿದ್ದರೆ ಅದು ಅವರ ಪಾಲಿಗೆ ಒಳ್ಳೆಯ ದಾಖಲೆಯೇ.

ಕಾರಣ ಹೇಳಬೇಕು

ಸಾಲದ ಚರಿತ್ರೆ ನೋಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಉದ್ರಿ ಕೊಡುವವರು ವಿಚಾರಿಸಿಯೇ ಕೊಡುತ್ತಾರೆ. ಆದರೆ ನನ್ನ ಬಗ್ಗೆ ಏನು ನೋಡಿದಿರಿ, ಅದರಿಂದ ನನಗೆ ಏನು ಕಡಿಮೆ ಕೊಟ್ಟಿರಿ ಅಥವಾ ಎಷ್ಟು ಜಾಸ್ತಿ ಕೇಳಿದಿರಿ ಅನ್ನುವುದನ್ನು ನನಗೆ ಹೇಳಬೇಕು. ಸಮಯಕ್ಕೆ ಸರಿಯಾಗಿ ಹೇಳಬೇಕು.

ಅಮೆರಿಕದಲ್ಲಿ ಇದು ದೊಡ್ಡ ಪ್ರಕರಣವೇ ಆಯಿತು. ಅಲ್ಲಿ ಹೆಚ್ಚಿನ ಪೋಸ್ಟ್‌ಪೇಯ್ಡ್ ಪ್ಲಾನ್‌ಗಳಿಗೆ ಚರಿತ್ರೆ ನೋಡಿಯೇ ಸಿಮ್ ಕೊಡುತ್ತಾರೆ. ಸ್ಪ್ರಿಂಟ್ ಅನ್ನುವ ಕಂಪನಿ ಸ್ಕೋರ್ ಕಡಿಮೆ ಇದ್ದವರನ್ನು ಬೇರೆ ಗುಂಪಿಗೆ ಹಾಕಿ, ತಿಂಗಳಿಗೆ 7.99 ಡಾಲರ್ ಜಾಸ್ತಿ ವಸೂಲಿ ಮಾಡುತ್ತಿತ್ತು. ಸ್ಕೋರ್ ನೋಡಿ ದರ ಹೆಚ್ಚಿಸಿದರೆ ಗ್ರಾಹಕರಿಗೆ ತಿಳಿಸಲೇಬೇಕು ಅಂತ ಅಲ್ಲಿ ಕಾನೂನಿದೆ. ಕಂಪನಿ ಸರಿಯಾಗಿ ತಿಳಿಸಲಿಲ್ಲ. ಎಷ್ಟೋ ಜನಕ್ಕೆ ಪತ್ರ ಸಿಕ್ಕಿದ್ದು ದಂಡ ಇಲ್ಲದೆ ಪ್ಲಾನ್ ಬಿಡುವ ಗಡುವು ಮುಗಿದ ಮೇಲೆ. 2015ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಒಪ್ಪಂದದಲ್ಲಿ ಕಂಪನಿ 29.5 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಜಾಸ್ತಿ ರೊಕ್ಕ ತಗೊಂಡದ್ದಕ್ಕಲ್ಲ, ಹೇಳದೆ ತಗೊಂಡದ್ದಕ್ಕೆ ಬಿದ್ದ ದಂಡ ಅದು.

ನಮ್ಮಲ್ಲೂ ಕೇಳುವ ಹಕ್ಕು ಇದೆ. ಸಾಲಕ್ಕೆ ಅರ್ಜಿ ಹಾಕಿದವರು, ತಮ್ಮ ಬಗ್ಗೆ ತರಿಸಿಕೊಂಡ ವರದಿಯ ಪ್ರತಿಯನ್ನು ಸಾಲ ಕೊಡುವ ಸಂಸ್ಥೆಯಿಂದ ಕೇಳಬಹುದು ಅಂತ 2005ರ ಕಾಯ್ದೆಯಲ್ಲೇ ಇದೆ. ಶೋರೂಮಿನಲ್ಲಿ "ಆಗಂಗಿಲ್ರಿ" ಅಂದಾಗ ಸುಮ್ನೆ ಎದ್ದು ಬರಬೇಡಿ. "ಯಾಕ್ರಿ? ವರದಿ ಕೊಡ್ರಿ" ಅಂತ ಕೇಳಿ.

ಪೋಸ್ಟ್‌ಪೇಯ್ಡ್ ಇಟ್ಟುಕೊಂಡವರಿಗೆ ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಟ್ರಾಯ್ ಕೊಟ್ಟ ಒಂದು ರಕ್ಷಣೆಯೂ ಇದೆ. ಪ್ರತಿ ಸಂಪರ್ಕಕ್ಕೂ ಕಂಪನಿ ಒಂದು ಉದ್ರಿ ಮಿತಿ ಇಟ್ಟಿರುತ್ತದೆ. ಅದು ಎಷ್ಟು ಅಂತ ನಿಮಗೆ ಹೇಳಬೇಕು, ಬಳಕೆ ಮಿತಿಯ ಶೇ 80ಕ್ಕೆ ಬಂದಾಗ ಎಚ್ಚರಿಸಬೇಕು ಅಂತ 2005ರಿಂದಲೇ ನಿರ್ದೇಶನ ಇದೆ. ಹಜ್‌ಗೋ, ಗಲ್ಫ್‌ಗೋ ಹೋಗುವವರು ರೋಮಿಂಗ್ ಪ್ಯಾಕ್ ಹಾಕಿಸದೆ ಡೇಟಾ ಆನ್ ಇಟ್ಟರೆ ಈ ಮಿತಿ ಬೇಗ ತುಂಬುತ್ತದೆ. ಅಂಥ ಎಸ್‌ಎಂಎಸ್ ಬಂದರೆ ಜಾಹೀರಾತು ಅಂತ ಅಳಿಸಬೇಡಿ.

ಪ್ರಿಪೇಯ್ಡ್‌ನಲ್ಲೇ ಇರುವವರಿಗೂ ನ್ಯಾಯ ಬೇಕಲ್ವಾ? 28 ದಿನದ ಪ್ಯಾಕ್ ಅಂದ್ರೆ ವರ್ಷಕ್ಕೆ 12 ಅಲ್ಲ, 13 ರಿಚಾರ್ಜ್. 30 ದಿನದ ಪ್ಯಾಕ್ ಒಂದಾದರೂ ಇರಬೇಕು ಅಂತ ಟ್ರಾಯ್ 2022ರಲ್ಲಿ ಹೇಳಿತು. ಡೇಟಾ ಇಲ್ಲದೆ ಬರೀ ಮಾತು ಮತ್ತು ಎಸ್‌ಎಂಎಸ್‌ಗೆ ಬೇರೆ ಪ್ಯಾಕ್ ಕೊಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಹೇಳಿತು. ಬಟನ್ ಫೋನ್ ಇಟ್ಟುಕೊಂಡ ಹಿರಿಯರು ಮನೆಯಲ್ಲಿದ್ದರೆ ಅಂಗಡಿಯಲ್ಲಿ ಆ ಪ್ಯಾಕನ್ನೇ ಹೆಸರು ಹೇಳಿ ಕೇಳಿ.

ತಮ್ಮನ ಬಾಕಿ ಹೇಗೆ ಮುಗಿಸಿದೆವು

ನಾಲ್ಕು ಬ್ಯೂರೋಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. 2017ರಿಂದ ಈ ನಿಯಮ ಇದೆ. ಅವರವರ ವೆಬ್‌ಸೈಟಿನಲ್ಲೇ ಸಿಗುತ್ತದೆ, ಯಾರಿಗೂ ರೊಕ್ಕ ಕೊಡಬೇಕಿಲ್ಲ. ನಿಮ್ಮ ವರದಿ ನೀವೇ ನೋಡಿದರೆ ಸ್ಕೋರ್ ಇಳಿಯುವುದೂ ಇಲ್ಲ.

ನಾವು ಮೊದಲು ಕಂಪನಿಗೆ ಬರೆದು ಬಿಲ್ಲಿನ ವಿವರ ಕೇಳಿದೆವು. ವಸೂಲಿ ಏಜೆನ್ಸಿಯವನೊಬ್ಬ ಫೋನ್ ಮಾಡಿ, "600 ಕೊಡ್ರಿ, ಮುಗಿಸಿಬಿಡ್ತೀವಿ, ನನ್ನ ನಂಬರ್‌ಗೇ ಫೋನ್‌ಪೇ ಮಾಡ್ರಿ" ಅಂದ. ತಮ್ಮನಿಗೆ ಖುಷಿ. ನಾನು ತಡೆದೆ. ಒಂದನೆಯದು, ರೊಕ್ಕ ಕಂಪನಿಯ ಖಾತೆಗೇ ಹೋಗಬೇಕು, ಏಜೆಂಟನ ಸ್ವಂತ ನಂಬರಿಗೆ ಹಾಕಿದರೆ ರಸೀದಿ ಇಲ್ಲ. ಇನ್ನೊಂದು, ಕಡಿಮೆ ಕಟ್ಟಿ ರಾಜಿಯಾದರೆ ವರದಿಯಲ್ಲಿ "ಸೆಟಲ್ಡ್" ಅಂತ ಬೀಳುತ್ತದೆ. ಪೂರ್ತಿ ತೀರಿಸಲಿಲ್ಲ ಅಂತ ಅದರ ಅರ್ಥ, ಬ್ಯಾಂಕಿನವರು ಅದನ್ನು ಅನುಮಾನದಿಂದಲೇ ನೋಡುತ್ತಾರೆ. ಬಿಲ್ ನಮ್ಮದೇ ಅಂತ ಖಾತ್ರಿಯಾದ ಮೇಲೆ ಪೂರ್ತಿ 1,187 ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ ಬರೆಸಿಕೊಂಡೆವು. ಆ ಪತ್ರ ಹಾಕಿ ಬ್ಯೂರೋದ ವೆಬ್‌ಸೈಟಿನಲ್ಲಿ ತಕರಾರು ಸಲ್ಲಿಸಿದೆವು.

ಇಂಥ ತಕರಾರು 30 ದಿನದಲ್ಲಿ ಮುಗಿಯಬೇಕು. ಬ್ಯಾಂಕು, ಫೈನಾನ್ಸ್ ಕಂಪನಿ ಅಥವಾ ಬ್ಯೂರೋ ತಡ ಮಾಡಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2024ರಿಂದ ಜಾರಿಯಲ್ಲಿದೆ. ಬ್ಯೂರೋ ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಬಿಲ್ಲೇ ತಪ್ಪಾಗಿದ್ದರೆ ದಾರಿ ಬೇರೆ. ಕಂಪನಿಯ 198ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ ಇದೆ. ಅದಕ್ಕೂ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಟೆಲಿಕಾಂ ದೂರುಗಳನ್ನು ಗ್ರಾಹಕ ಆಯೋಗ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಳೇ ಬಿಲ್ಲಿಗೆ ಲೋಕ ಅದಾಲತ್ ಹೆಸರಿನಲ್ಲಿ ನೋಟಿಸ್ ಬಂದರೆ ಜೈಲಿಗೆ ಹಾಕ್ತಾರೆ ಅಂತ ಹೆದರುವವರಿದ್ದಾರೆ. ಅದು ರಾಜಿಗೆ ಕರೆಯುವ ಜಾಗ, ನೀವು ಒಪ್ಪದೆ ರಾಜಿ ಆಗುವುದಿಲ್ಲ. ನೋಟಿಸ್ ನಿಜವಾ ಅಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿಕೊಳ್ಳಿ.

ನಿಮ್ಮ ಹೆಸರಲ್ಲಿ ಬೇರೆ ಯಾರಾದರೂ ಸಿಮ್ ತಗೊಂಡಿದ್ದಾರಾ ಅಂತಲೂ ನೋಡಬೇಕು. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ನಿಮ್ಮ ನಂಬರ್ ಹಾಕಿದರೆ ನಿಮ್ಮ ಹೆಸರಿನ ಎಲ್ಲ ಸಂಪರ್ಕ ಕಾಣುತ್ತವೆ. ನಿಮ್ಮದಲ್ಲದ್ದನ್ನು ಅಲ್ಲೇ ಗುರುತಿಸಿ ದೂರು ಕೊಡಬಹುದು. ನಮ್ಮ ಕಡೆ "ನಿನ್ನ ಆಧಾರ್ ಕೊಡು, ಒಂದು ಸಿಮ್ ತಗೋತೀನಿ" ಅಂತ ಬೀಗರು, ಗೆಳೆಯರು ಕೇಳುವುದುಂಟು. ಸಂಕೋಚಕ್ಕೆ ಕೊಟ್ಟುಬಿಡುತ್ತೇವೆ. ಅದು ಪೋಸ್ಟ್‌ಪೇಯ್ಡ್ ಆದರೆ ಬಿಲ್ ನಿಮ್ಮ ಹೆಸರಿಗೆ. ಫ್ಯಾಮಿಲಿ ಪ್ಲಾನ್ ಕೂಡ ಹಾಗೆಯೇ, ನಾಲ್ಕು ಜನ ಮಾತಾಡಿದರೂ ಬಾಕಿ ಬೀಳುವುದು ಮುಖ್ಯ ಹೆಸರಿನವರ ಮೇಲೆ. ಬೇರೆ ಕಂಪನಿಗೆ ಪೋರ್ಟ್ ಆಗಿ ಬಾಕಿಯಿಂದ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಗಡುವು ದಾಟಿದ ಬಿಲ್ ಇದ್ದರೆ 1900ಕ್ಕೆ ಎಸ್‌ಎಂಎಸ್ ಕಳಿಸಿದರೂ ಪೋರ್ಟಿಂಗ್ ಕೋಡ್ ಬರುವುದಿಲ್ಲ.

ತಮ್ಮನ ವರದಿಯಲ್ಲಿ ಈಗ ಬಾಕಿ ಸೊನ್ನೆ ಅಂತ ಬಂದಿದೆ. ಹಳೇ ತಡದ ಗುರುತು ಇನ್ನೂ ಇದೆ, ಸ್ಕೋರ್ ನಿಧಾನಕ್ಕೆ ಏರಬೇಕು. ಬಾಕಿ ಇಲ್ಲ ಅನ್ನುವ ಪತ್ರವನ್ನು ಪಹಣಿ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿದ್ದಾನೆ. ಬರುವ ಸೋಮವಾರ ಅದನ್ನು ಹಿಡಿದುಕೊಂಡು ಮತ್ತೆ ಶೋರೂಮಿಗೆ ಹೋಗುತ್ತೇನೆ ಅಂದಿದ್ದಾನೆ. ಈ ಸಲ ಜೊತೆಗೆ ನಾನೂ ಹೋಗುತ್ತಿದ್ದೇನೆ.